ಕಟ್ಟೆಯ ಮೇಲಿನ ಲೋಟ

ಆ ಮನೆಯಲ್ಲಿ ಅತ್ತೆ ತೀರಿಕೊಂಡ ಮೇಲೆ ಯಾರೂ ಅಳಲಿಲ್ಲ. ಅಳಬಾರದೆಂದೇನಲ್ಲ, ಹಣ್ಣು ಕೆಂಪಾಗಿತ್ತು, ಪುರುಸೊತ್ತಿರಲಿಲ್ಲ. ಮನೆಯಲ್ಲಿ ಸಾವಾಗಿದೆ, ಒಂದೆರಡು ವಾರ ತಡ್ಕೊಳ್ರಪ್ಪಾ ಎಂದು ಕಾಫಿ ಗಿಡಗಳಿಗೆ ಹೇಳಲಾಗುತ್ತದೆಯೇ? ಎಂಟನೆಯ ದಿನಕ್ಕೆ ಕೊಯ್ಲಿನವರು ಬುಟ್ಟಿ ಹಿಡಿದು ಬಂದೇಬಿಟ್ಟರು. ಮಾವ ಟೋಪಿ ಹಾಕಿಕೊಂಡು ತೊಟ್ಟಿಯ ಕಡೆ ನಡೆದರು, ಗಂಡ ಪಿಕಪ್ ಗಾಡಿ ಹತ್ತಿದ, ಮಗಳು ಶಾಲೆಗೆ ಹೋದಳು, ಸೊಸೆ ಒಲೆ ಹಚ್ಚಿದಳು. ಅತ್ತೆಯ ಕಂದು ಸ್ವೆಟರ್ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ತೆಗೆದಿಡಬೇಕೆಂದು ನಾಲ್ವರಿಗೂ ಗೊತ್ತಿತ್ತು. ನಾಲ್ವರೂ ಅದಕ್ಕೆ ಭುಜ ತಾಗಿಸಿಕೊಂಡೇ ಓಡಾಡಿದರು.

ಸೊಸೆಗೆ ದುಃಖ ಇನ್ನೂ ಬಂದಿರಲಿಲ್ಲ. ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಜೊತೆಗೆ ನಿಂತವರು ಹೋದರೆ ಏನಾದರೂ ಆಗಬೇಕಲ್ಲ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿತ್ತು, ಅಷ್ಟೆ. ಬೆಳಗ್ಗೆ ಐದು ಲೋಟ ಜೋಡಿಸಿ, ಒಂದನ್ನು ತಿರುಗಿ ಕಪಾಟಿಗೆ ಇಡುವುದು ಮಾತ್ರ ದಿನಾ ಆಗುತ್ತಿತ್ತು.

ಆ ಮನೆಯ ಕಾಫಿಗೆ ಹೆಸರು ಬಂದದ್ದು ಮಾವನ ಮೂಗಿನಿಂದ. ಗುಡ್ಡದ ನೆತ್ತಿಯಲ್ಲಿ 'ಮೇಲಿನ ತುಂಡು' ಎಂದು ಒಂದಿಷ್ಟು ಜಾಗವಿತ್ತು. ಅಲ್ಲಿ ಬೆಳೆದದ್ದನ್ನು ಬೇರೆ ಯಾವ ಕಾಫಿಯ ಜೊತೆಗೂ ಬೆರೆಸುತ್ತಿರಲಿಲ್ಲ. ಪೇಟೆಯ ರೋಸ್ಟರ್, ಅಂದರೆ ಕಾಫಿ ಹುರಿದು ಪೊಟ್ಟಣ ಕಟ್ಟಿ ಮಾರುವವನು, ವರ್ಷಕ್ಕೊಮ್ಮೆ ಬಂದು ಅಷ್ಟನ್ನೂ ಒಯ್ಯುತ್ತಿದ್ದ. ಪೊಟ್ಟಣದ ಮೇಲೆ ಮಾವನ ಮುಖದ ಒಂದು ಪಕ್ಕವನ್ನು ಬರೆಸಿದ್ದ. ಅದರಲ್ಲಿ ಮುಖಕ್ಕಿಂತ ಮೂಗೇ ಜಾಸ್ತಿ. ಪೇಟೆಯ ಜನ ಅಂಗಡಿಗೆ ಹೋಗಿ "ಮೂಗಿನ ಕಾಫಿ ಕೊಡಿ" ಎಂದೇ ಕೇಳುತ್ತಿದ್ದರಂತೆ. ಮಾವ ಖಾಲಿ ಪೊಟ್ಟಣವೊಂದನ್ನು ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದರು, ಹೋಲಿಸಿ ನೋಡಿಕೊಳ್ಳಲಿಕ್ಕೋ ಏನೋ.

ಮೂಗಿನ ಕೆಲಸವೆಂದರೆ ಇಷ್ಟು. ಹಣ್ಣಿನ ಸಿಪ್ಪೆ ಸುಲಿದರೂ ಬೀಜದ ಮೈಗೆ ಲೋಳೆ ಅಂಟಿಕೊಂಡಿರುತ್ತದೆ. ಅದನ್ನು ಸಿಮೆಂಟಿನ ತೊಟ್ಟಿಗೆ ತುಂಬಿ ಹುಳಿಯಲು ಬಿಡಬೇಕು. ಲೋಳೆ ಬಿಟ್ಟುಕೊಳ್ಳುವ ಒಂದು ಹೊತ್ತು ಬರುತ್ತದೆ. ಆಗಲೇ ನೀರು ಬಿಟ್ಟು ತೊಳೆಯಬೇಕು. ಮೊದಲೇ ತೊಳೆದರೆ ಕಾಫಿ ಸಪ್ಪೆ, ತಡವಾದರೆ ನಾತ. ಚಳಿಗೊಂದು ಲೆಕ್ಕ, ಬಿಸಿಲಿಗೊಂದು ಲೆಕ್ಕ, ಗಡಿಯಾರ ನೋಡಿ ಹೇಳುವಂಥದಲ್ಲ. ಮಾವ ಟೋಪಿ ತೆಗೆದು, ತೊಟ್ಟಿಯೊಳಗೆ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ಮೇಸ್ತ್ರಿ ತೂಬಿನ ಹಲಗೆಗೆ ಕೈ ಹಾಕಿಕೊಂಡು ನಿಂತಿರುತ್ತಿದ್ದ. "ಇನ್ನೂ ಇಲ್ಲ" ಎಂದರೆ ಎಲ್ಲರೂ ಕೂತರು. "ನೀರು ಬಿಡಿ" ಎಂದರೆ ಹಲಗೆ ಮೇಲೆ. ಪ್ರತಿ ಸಲ ಮಾವ ಬಗ್ಗುವ ಹೊತ್ತಿಗೆ ಸರಿಯಾಗಿ ಅತ್ತೆ ಒಂದು ಲೋಟ ಕಾಫಿ ಹಿಡಿದು ಮನೆಯ ಮೆಟ್ಟಿಲಿಳಿದು ಬರುತ್ತಿದ್ದರು.

ಸೊಸೆ ಬೇಕರಿಯವನ ಮಗಳು. ಹಿಟ್ಟು ಉಬ್ಬುವ ವಾಸನೆಯಲ್ಲೇ ಬೆಳೆದವಳು. ಮದುವೆಯಾದ ವರ್ಷ ತೊಟ್ಟಿಯ ಹತ್ತಿರ ನಿಂತಿದ್ದಾಗ, "ಹದ ಬಂತಲ್ಲ!" ಎಂದುಬಿಟ್ಟಿದ್ದಳು. ಅತ್ತೆ ಅವಳ ಮೊಣಕೈ ಹಿಡಿದು ಅಡುಗೆಮನೆಗೆ ಕರೆತಂದು, "ಈ ಮನೇಲಿ ಮೂಗು ಅಂತ ಇರೋದು ಒಂದೇ. ನೆನಪಿಟ್ಕೋ" ಎಂದಿದ್ದರು. ಹಿಡಿತ ಬಿಗಿಯಾಗಿತ್ತು. ಸೊಸೆ ನೆನಪಿಟ್ಟುಕೊಂಡಳು, ಮತ್ತೆಂದೂ ಬಾಯಿಬಿಡಲಿಲ್ಲ.

ಈ ವರ್ಷದ ಮೊದಲ ತೊಟ್ಟಿಯ ದಿನ ಅವಳಿಗೆ ಕೈತುಂಬ ಕೆಲಸ. ಕಾಫಿಯನ್ನು ಫ್ಲಾಸ್ಕಿಗೆ ಸುರಿದು ಬೆಳಗ್ಗೆಯೇ ಮಾವನ ಕೈಗೆ ಕೊಟ್ಟುಬಿಟ್ಟಳು. ಮಾವ ತೊಟ್ಟಿಗೆ ಬಗ್ಗಿ "ಇನ್ನೂ ಇಲ್ಲ" ಎಂದರು. ಮತ್ತೆ ಬಗ್ಗಿದರು, ಮತ್ತೆ "ಇನ್ನೂ ಇಲ್ಲ". ಮಧ್ಯಾಹ್ನ ಆಲೂಗಡ್ಡೆ ಸುಲಿಯುತ್ತಿದ್ದ ಸೊಸೆಗೆ ಕಿಟಕಿಯಿಂದ ವಾಸನೆ ಬಂತು: ಹದ ಮೀರುತ್ತಿದೆ. ಆದರೂ ಅವಳು ಸುಲಿಯುತ್ತಲೇ ಕೂತಳು. ಸಂಜೆಗೆ ಅಂಗಳವೆಲ್ಲ ಕೊಳೆತ ಈರುಳ್ಳಿಯ ನಾತ.

"ಅಪ್ಪಾ, ಮಧ್ಯಾಹ್ನದಿಂದ ಮೇಸ್ತ್ರಿ ಮುಖ ಹಿಂಡ್ಕೊಂಡು ನಿಂತಿದ್ದ. ನಿಮಗೆ ಹೇಗೆ ಗೊತ್ತಾಗ್ಲಿಲ್ಲ?" ಊಟಕ್ಕೆ ಕೂತಾಗ ಗಂಡ ಕೇಳಿದ.

"ಮೇಸ್ತ್ರಿ ಮುಖ ಯಾವತ್ತು ನೆಟ್ಟಗಿತ್ತು?"

"ತಮಾಷೆ ಬೇಡ. ಇಡೀ ತೊಟ್ಟಿ ಗೊಬ್ಬರದ ಗುಂಡಿಗೆ ಹೋಯ್ತು."

"ಹವಾ ಸರಿಯಿಲ್ಲ."

"ಹವಾಕ್ಕೇನಾಗಿದೆ? ನಾನೊಂದು ಮೀಟರ್ ತರ್ತೀನಿ. ಹುಳಿ ಎಷ್ಟಿದೆ ಅಂತ ನಂಬರ್ ತೋರಿಸುತ್ತೆ. ಈಗ ಎಲ್ಲಾ ಕಡೆ ಅದೇ."

"ತಾ. ನಾನು ಹೋದ ಮೇಲೆ ತಾ."

ಹೋಗುವ ಮಾತು ಬಂದ ಕೂಡಲೇ ಎಲ್ಲರೂ ಬಾಗಿಲ ಹಿಂದಿನ ಮೊಳೆಯ ಕಡೆ ನೋಡಿ, ತಟ್ಟೆಯ ಕಡೆ ತಿರುಗಿದರು.

"ತಾತ, ಅನ್ನ ಹಾಕ್ಲಾ?" ಮಗಳು ಕೇಳಿದಳು.

"ಹಾಕು."

ಗಂಡ ಮೀಟರ್ ತಂದೇ ತಂದ. ಎರಡನೆಯ ತೊಟ್ಟಿಗೆ ಅದರ ಕಡ್ಡಿ ಅದ್ದಿ, ಜೊತೆಗೆ ಬಂದಿದ್ದ ಕಾಗದದಲ್ಲಿದ್ದ ನಂಬರ್ ಬಂದ ಕೂಡಲೇ ತಾನೇ ಹಲಗೆ ಎತ್ತಿದ. ಮಾವ ಅಷ್ಟು ದೂರದಲ್ಲಿ ಟೋಪಿ ಹಾಕಿಕೊಂಡೇ ನಿಂತಿದ್ದರು. ಕೆಲವು ದಿನ ಬಿಟ್ಟು ಒಂದು ಹಿಡಿ ಬೀಜ ಒಣಗಿಸಿ, ಬಾಣಲೆಯಲ್ಲಿ ಹುರಿದು, ಕಾಫಿ ಮಾಡಿ ಎಲ್ಲರೂ ಕುಡಿದರು.

"ಕೆಟ್ಟಿಲ್ಲ," ಎಂದ ಗಂಡ.

"ಕೆಡೋಕೂ ಏನಾದ್ರೂ ಇರಬೇಕಲ್ಲಪ್ಪಾ," ಎಂದಳು ಮಗಳು. "ಬಿಸಿನೀರಿಗೆ ಕಾಫಿ ಅಂತ ಹೆಸರಿಟ್ಟ ಹಾಗಿದೆ."

"ನಂಬರ್ ನಮ್ಮ ನೀರಿಗೆ ಹೊಂದಿಸಬೇಕು. ಒಂದೆರಡು ವರ್ಷ ಹಿಡಿಯುತ್ತೆ."

"ಮೇಲಿನ ತುಂಡಿನ ಹಣ್ಣು ಮುಂದಿನ ವಾರ ಬರುತ್ತೆ ರೀ," ಎಂದಳು ಸೊಸೆ. "ಎರಡು ವರ್ಷ ಕಾಯಲ್ಲ."

ಎಲ್ಲರಿಗೂ ಇದ್ದದ್ದು ಅದೇ ಚಿಂತೆ. ಮೇಲಿನ ತುಂಡಿನದು ಒಂದೇ ತೊಟ್ಟಿ. ಅದು ಕೆಟ್ಟರೆ ರೋಸ್ಟರ್ ಮುಂದಿನ ವರ್ಷ ಬೇರೆ ಗುಡ್ಡ ಹತ್ತುತ್ತಾನೆ, ಪೊಟ್ಟಣಕ್ಕೆ ಬೇರೆ ಮೂಗು ಸಿಗುತ್ತದೆ.

ಅದಾದ ಎರಡು ದಿನಕ್ಕೆ ಸೊಸೆ ಹಾಲನ್ನು ಒಲೆಯ ಮೇಲಿಟ್ಟು, ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಮಗಳು ಶಾಲೆಯಿಂದ ಬಂದವಳು ಬ್ಯಾಗು ಎಸೆದು ಕಿರುಚಿದಳು: "ಅಮ್ಮಾ, ಹಾಲು!"

ಪಾತ್ರೆಯ ತಳ ಇದ್ದಿಲಾಗಿತ್ತು. ಅಡುಗೆಮನೆಯಲ್ಲಿ ಕಣ್ಣುರಿಯುವಷ್ಟು ಕಮಟು. ಒಲೆಗೆ ಬೆನ್ನು ಹಾಕಿ, ಎರಡು ಮಾರು ದೂರದಲ್ಲಿ, ಮಾವ ಗಿಡ ಸವರುವ ಕತ್ತರಿಗೆ ಎಣ್ಣೆ ಹಾಕುತ್ತ ಕೂತಿದ್ದರು.

"ತಾತ, ಬೆನ್ನ ಹಿಂದೇನೇ ಸೀದು ಕರಕಲಾಗಿದೆ! ವಾಸನೆ ಬರ್ಲಿಲ್ವಾ ನಿನಗೆ?"

"ಏನೋ ಯೋಚನೇಲಿದ್ದೆ ಮಗಾ."

ಸೊಸೆ ಮಗಳನ್ನು ಹಾಲು ತರಲು ಕಳಿಸಿದಳು. ಪಾತ್ರೆಗೆ ಬೂದಿ ಹಾಕಿ ತಿಕ್ಕತೊಡಗಿದಳು. ತಿಕ್ಕುತ್ತಲೇ ಕೇಳಿದಳು.

"ಯಾವಾಗಿಂದ, ಮಾವ?"

ಮಾವ ಕತ್ತರಿಯನ್ನು ಎರಡು ಸಲ ತೆರೆದು ಮುಚ್ಚಿದರು. "ಆರು ವರ್ಷದವನಿದ್ದೆ. ಜ್ವರ ಬಂದಿತ್ತು. ಜ್ವರ ಹೋಯ್ತು, ಜೊತೆಗೆ ಇದೂ ಹೋಯ್ತು."

ಅವಳ ಕೈ ನಿಂತಿತು. ಒಂದೆರಡು ತಿಂಗಳ ಮಾತೆಂದುಕೊಂಡಿದ್ದಳು. "ಮತ್ತೆ ಇಷ್ಟು ವರ್ಷ ತೊಟ್ಟಿ ಹತ್ರ?"

"ನಿಮ್ಮತ್ತೆ," ಎಂದರು ಮಾವ. "ಲೋಟ ತೊಟ್ಟಿ ಕಟ್ಟೆ ಮೇಲಿಟ್ರೆ ಇನ್ನೂ ಇಲ್ಲ ಅಂತ. ನನ್ನ ಕೈಗೆ ಕೊಟ್ರೆ ನೀರು ಬಿಡೋದು. ನಲವತ್ತನಾಲ್ಕು ವರ್ಷ, ಒಂದು ದಿನ ತಪ್ಪಿದವಳಲ್ಲ."

"ಯಾಕೆ ಬೇಕಿತ್ತು ಇದೆಲ್ಲ?"

"ನಮ್ಮಪ್ಪನಿಗೆ ನಾವಿಬ್ರು ಮಕ್ಕಳು. ತೊಟ್ಟಿ ಹದ ಗೊತ್ತಿದ್ದೋನಿಗೆ ತೋಟ ಅಂದ. ನನಗೆ ಹೊಸದಾಗಿ ಮದುವೆಯಾಗಿತ್ತು. ಅವಳ ಹತ್ರ ಹೇಳ್ಕೊಂಡೆ. ಸುಮ್ಮನೆ ಕೇಳಿಸ್ಕೊಂಡ್ಳು. ನಾಳೆ ಕಾಫಿ ತರ್ತೀನಿ ಅಂದ್ಳು, ಅಷ್ಟೇ."

ಆಮೇಲೆ ಹವಾಮಾನದ ಬಗ್ಗೆ ಹೇಳುವ ದನಿಯಲ್ಲೇ ಹೇಳಿದರು. "ಮೊನ್ನೆ ಆ ಸ್ವೆಟರ್ ಮೂಸಿ ನೋಡ್ದೆ. ಏನೂ ಇಲ್ಲ. ಅವಳ ವಾಸನೆ ಹೇಗಿತ್ತು ಅಂತಾನೇ ನನಗೆ ಗೊತ್ತಿಲ್ಲ."

ಸೊಸೆಗೆ ಆಗಲೂ ದುಃಖ ಬರಲಿಲ್ಲ. ಬಂದದ್ದು ಸಿಟ್ಟು. ಹದಿನೆಂಟು ವರ್ಷದ ಹಿಂದೆ ಅತ್ತೆ ಹಿಡಿದಿದ್ದ ಮೊಣಕೈ ಈಗ ನೋಯಿತು. ಆ ಮನೆಯಲ್ಲಿ ಇದ್ದ ಒಂದೇ ಮೂಗು ಅತ್ತೆಯದೇ ಆಗಿತ್ತು.

"ಮೇಲಿನ ತುಂಡಿಗೆ ಲೋಟ ನೀನು ತಗೊಂಡು ಬಾ," ಎಂದರು ಮಾವ. "ನಿನಗೆ ಗೊತ್ತಾಗುತ್ತೆ ಅಂತ ಅವಳು ಹೇಳಿದ್ಳು. ಆವತ್ತೇ ಹೇಳಿದ್ಳು, ನೀನು ಬಾಯಿಬಿಟ್ಟ ದಿನ."

ಈಗ ಹೂಂ ಎಂದರೆ ಸಾಯುವತನಕ ಲೋಟ ಹೊರುವುದೇ ಎಂದು ಸೊಸೆಗೆ ಸ್ಪಷ್ಟವಾಗಿ ಗೊತ್ತಿತ್ತು. ಒಂದು ದಿನ ತನ್ನ ಸ್ವೆಟರೂ ಆ ಮೊಳೆಯಲ್ಲಿ ನೇತಾಡುತ್ತದೆ, ಮೂಗಿನ ಹೆಸರು ಮಾತ್ರ ಮಾವನಿಂದ ಗಂಡನಿಗೆ ಹೋಗಿರುತ್ತದೆ. ಊಹೂಂ ಎಂದರೆ ಮನೆಯೇ ನಿಂತುಹೋಗುತ್ತದೆ.

"ತರ್ತೀನಿ. ಈ ಒಂದು ಸಲ. ಆದ್ರೆ ರೋಸ್ಟರ್ ರುಚಿ ನೋಡೋ ದಿನ ನೀವೇ ಬಾಯಿಬಿಟ್ಟು ಹೇಳಬೇಕು. ಅತ್ತೆ ಮಾಡ್ತಿದ್ದದ್ದು, ಈ ವರ್ಷ ನಾನು ಮಾಡಿದ್ದು ಅಂತ."

"ಎಲ್ಲರ ಎದುರಿಗಾ?"

"ಎಲ್ಲರ ಎದುರಿಗೆ. ಇಲ್ದಿದ್ರೆ ಕಾಫಿ ಫ್ಲಾಸ್ಕಲ್ಲೇ ಬರುತ್ತೆ."

ಮಾವ ಕತ್ತರಿಯ ಎಣ್ಣೆಯನ್ನು ಬಟ್ಟೆಯಿಂದ ಒರೆಸಿದರು. "ಅವಳಿಗಿಂತ ನೀನು ಜೋರು," ಎಂದರು. ಅದನ್ನೇ ಒಪ್ಪಿಗೆಯೆಂದು ಸೊಸೆ ತೆಗೆದುಕೊಂಡಳು.

ಮೇಲಿನ ತುಂಡಿನ ತೊಟ್ಟಿಯ ದಿನ ರೋಸ್ಟರ್ ಕ್ಯಾಮೆರಾ ಹಿಡಿದು ಬಂದಿದ್ದ. ಮೂಗು ತೊಟ್ಟಿಗೆ ಬಗ್ಗುವ ಫೋಟೋ ಬೇಕಾಗಿತ್ತಂತೆ. ಬೆಳಗ್ಗೆ ಸೊಸೆ ಲೋಟ ತಂದಳು, ಉಸಿರೆಳೆದಳು; ಇನ್ನೂ ಬರೀ ಹಣ್ಣಿನ ಸಿಹಿ. ಲೋಟವನ್ನು ಕಟ್ಟೆಯ ಮೇಲಿಟ್ಟಳು. "ಇನ್ನೂ ಇಲ್ಲ," ಎಂದರು ಮಾವ. ಹತ್ತು ಗಂಟೆಗೆ ಇನ್ನೊಂದು ಲೋಟ, ಮತ್ತೆ ಕಟ್ಟೆಯ ಮೇಲೆ.

"ಎಷ್ಟು ಕಾಫಿ ಕುಡಿಸ್ತೀಯೇ ಅವರಿಗೆ? ಮಲಗೋದು ಬೇಡ್ವಾ?" ಎಂದು ಗಂಡ ರೇಗಿದ.

ಮಧ್ಯಾಹ್ನ ಊಟಕ್ಕೆ ಸ್ವಲ್ಪ ಮುಂಚೆ ಅವಳು ಮೂರನೆಯ ಲೋಟದೊಂದಿಗೆ ಇಳಿದಳು. ಕೊನೆಯ ಮೆಟ್ಟಿಲಲ್ಲೇ ವಾಸನೆ ಸಿಕ್ಕಿತು. ಸಿಹಿ ಹಿಂದೆ ಸರಿದಿತ್ತು. ಅಪ್ಪನ ಬೇಕರಿಯಲ್ಲಿ, ಉಬ್ಬಿದ ಹಿಟ್ಟಿನ ಮೇಲಿನ ಒದ್ದೆ ಬಟ್ಟೆ ತೆಗೆದಾಗ ಮುಖಕ್ಕೆ ಹೊಡೆಯುತ್ತಿದ್ದ ಅದೇ ಗಾಳಿ. ಹೌದೋ ಅಲ್ಲವೋ? ಹದಿನೆಂಟು ವರ್ಷದಿಂದ ಯಾರೂ ಕೇಳಿರದ ಮೂಗು, ಅದನ್ನು ನಂಬುವುದು ಅವಳಿಗೇ ಕಷ್ಟವಾಯಿತು. ಇನ್ನೊಮ್ಮೆ ಉಸಿರೆಳೆದಳು. ಆಮೇಲೆ ಲೋಟವನ್ನು ಮಾವನ ಕೈಗೆ ಕೊಟ್ಟಳು.

"ನೀರು ಬಿಡಿ!" ಮಾವನ ದನಿ ಎಂದಿನಂತೆ ಗಟ್ಟಿಯಾಗಿತ್ತು.

ಹಲಗೆ ಮೇಲೆ ಹೋಯಿತು. ರೋಸ್ಟರ್ ಫೋಟೋ ತೆಗೆದುಕೊಂಡ. ಫೋಟೋದಲ್ಲಿ ಅಡ್ಡ ಬರುತ್ತೀರಿ, ಸ್ವಲ್ಪ ಸರಿಯಿರಿ ಎಂದು ಸೊಸೆಗೆ ಕೈಸನ್ನೆ ಮಾಡಿದ.

ಬೀಜ ಬಲೆಯ ಮಂಚಗಳ ಮೇಲೆ ಒಣಗಿತು. ಮೂರು ವಾರ ಅದನ್ನು ಕೈಯಾಡಿಸಿ ತಿರುವಿದ್ದು, ಮಧ್ಯಾಹ್ನದ ಬಿಸಿಲಿಗೆ ಬಟ್ಟೆ ಮುಚ್ಚಿದ್ದು, ಒಡೆದ ಬೀಜ ಆರಿಸಿದ್ದು ಸೊಸೆ ಮತ್ತು ಮಗಳು. ಆಮೇಲೆ ರೋಸ್ಟರ್ ಎಲ್ಲರನ್ನೂ ಪೇಟೆಗೆ ಕರೆಸಿದ. ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಎತ್ತರದ ಮೇಜು, ಮೇಜಿನ ಮೇಲೆ ಸಾಲಾಗಿ ಬಿಳಿ ಬಟ್ಟಲುಗಳು. ಅವನೂ ಅವನ ಕೆಲಸದವಳೂ ಚಮಚದಲ್ಲಿ ಕಾಫಿ ಎತ್ತಿ, ಮನೆಯಲ್ಲಿ ಮಕ್ಕಳು ಮಾಡಿದರೆ ಬೈಸಿಕೊಳ್ಳುವಂಥ ಸದ್ದು ಮಾಡುತ್ತ ಸೊರ್ರನೆ ಹೀರಿ, ಪಕ್ಕದ ಡಬ್ಬಕ್ಕೆ ಉಗಿದರು. ಮಗಳು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು.

"ಇದೇ," ಎಂದ ರೋಸ್ಟರ್. "ಕಿತ್ತಳೆ ಸಿಪ್ಪೆ, ಜೇನು. ಹೋದ ವರ್ಷಕ್ಕಿಂತ ಒಂದು ಕೈ ಮೇಲೇ ಇದೆ. ಯಜಮಾನ್ರೇ, ನಿಮ್ಮ ಮೂಗಿಗೆ ಕೈ ಮುಗಿಬೇಕು."

ಸೊಸೆ ಮಾವನನ್ನು ನೋಡಿದಳು. ಮಾವ ಚಮಚವನ್ನು ಮಗುಚಿ, ಮತ್ತೆ ಮಗುಚಿ ನೋಡುತ್ತಿದ್ದರು. ಹೇಳುವುದಿಲ್ಲ ಎಂದು ಅವಳು ಅಂದುಕೊಂಡಳು. ಹೇಳದಿದ್ದರೆ ಏನು ಮಾಡುವುದೆಂದು ಯೋಚಿಸಿರಲೂ ಇಲ್ಲ.

"ನನಗೆ ವಾಸನೆ ಬರಲ್ಲ," ಎಂದರು ಮಾವ. "ಚಿಕ್ಕವನಿದ್ದಾಗಿಂದ ಬರಲ್ಲ. ಇಷ್ಟು ವರ್ಷ ಹದ ನೋಡ್ತಿದ್ದೋಳು ನನ್ನ ಹೆಂಡ್ತಿ. ಈ ವರ್ಷದ್ದು ಇವಳದು, ನನ್ನ ಸೊಸೇದು."

ರೋಸ್ಟರ್ ಗಹಗಹಿಸಿ ನಕ್ಕ. ಕೆಲಸದವಳೂ ನಕ್ಕಳು. ಒಂದು ಗಳಿಗೆ ತಡವಾಗಿ ಗಂಡನೂ ನಕ್ಕ.

"ದೊಡ್ಡವರ ದೊಡ್ಡತನ ಅಂದ್ರೆ ಇದು ನೋಡಿ," ಎಂದ ರೋಸ್ಟರ್, ಕಣ್ಣೊರೆಸಿಕೊಳ್ಳುತ್ತ.

"ನಿಜಾನೇ ಅದು," ಎಂದಳು ಸೊಸೆ. "ಅವರು ತಮಾಷೆ ಮಾಡ್ತಿಲ್ಲ."

ನಗು ನಿಂತಿತು. ರೋಸ್ಟರ್ ಅವಳನ್ನು, ಮಾವನನ್ನು, ಬಟ್ಟಲುಗಳನ್ನು ಒಂದೊಂದಾಗಿ ನೋಡಿದ. ಮೂಲೆಯಲ್ಲಿ ಕಟ್ಟುಕಟ್ಟು ಪೊಟ್ಟಣಗಳಿದ್ದವು, ಎಲ್ಲದರ ಮೇಲೂ ಅದೇ ಮೂಗು.

"ಇರಬಹುದಮ್ಮಾ, ನಾನು ಇಲ್ಲ ಅನ್ನಲ್ಲ," ಎಂದ ಮೆಲ್ಲಗೆ. "ಆದ್ರೆ ಪೊಟ್ಟಣ ಆಗ್ಲೇ ಅಚ್ಚಾಗಿಬಿಟ್ಟಿದೆ."

ಎಲ್ಲರೂ ಪಿಕಪ್ಪಿನಲ್ಲಿ ಮನೆಗೆ ವಾಪಸ್ಸು ಹೊರಟರು.

"ಅಪ್ಪಾ, ನನಗಾದ್ರೂ ಹೇಳಬಹುದಿತ್ತಲ್ಲ?" ಗಾಡಿ ಓಡಿಸುತ್ತ ಗಂಡ ಕೇಳಿದ.

"ಹೇಳಿದ್ರೆ ಏನು ಮಾಡ್ತಿದ್ದೆ?"

"ಮೀಟರ್ ತರ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

"ಅಪ್ಪ, ಅಮ್ಮನಿಗೆ ಗೊತ್ತಾಗುತ್ತೆ ಅಂತ ನಿನಗೂ ಗೊತ್ತಿರ್ಲಿಲ್ವಾ?" ಮಗಳು ಹಿಂದಿನಿಂದ ಕೇಳಿದಳು. "ನಿನ್ನ ಮೂಗು ಸರಿಯಾಗೇ ಇದೆಯಲ್ಲ."

ಗಂಡ ಗೇರು ಬದಲಿಸಿದ. "ಹೊರಗೆ ಯಾರಿಗೂ ಗೊತ್ತಾಗೋದು ಬೇಡ," ಎಂದಷ್ಟೇ ಹೇಳಿದ. ಸೊಸೆಗೆ ಗೆದ್ದೆ ಅನ್ನಿಸಲಿಲ್ಲ, ಸೋತೆ ಅಂತಲೂ ಅನ್ನಿಸಲಿಲ್ಲ. ಮನೆಗೆ ಹೋದ ಮೇಲೆ ಬೀನ್ಸ್ ಬಿಡಿಸಬೇಕೆಂದು ನೆನಪಾಯಿತು.

ಉಳಿದದ್ದು ಕಡೆಯ ಕೊಯ್ಲು. ಗಿಡದಲ್ಲಿ ಅಲ್ಲಲ್ಲಿ ಬಿಟ್ಟುಹೋದ ಹಣ್ಣು, ಮನೆಗೆ ಕುಡಿಯಲು ಇಟ್ಟುಕೊಳ್ಳುವುದು. ಅದಕ್ಕೆ ರೋಸ್ಟರ್ ಇಲ್ಲ, ಕ್ಯಾಮೆರಾ ಇಲ್ಲ. ಆ ಬೆಳಗ್ಗೆ ಚಳಿ ಜೋರಿತ್ತು. ಸೊಸೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡಳು. ಅದು ಬಾಗಿಲ ಹಿಂದಿನ ಸ್ವೆಟರ್. ಹಾಕಿಕೊಂಡ ಮೇಲೆ ತೆಗೆಯಲು ಮನಸ್ಸಾಗಲಿಲ್ಲ. ಈ ಸಲ ಲೋಟ ಹಿಡಿಯದೆ ಬರಿಗೈಯಲ್ಲಿ ತೊಟ್ಟಿಗೆ ಹೋಗಿ ನಿಂತಳು. ಮೇಸ್ತ್ರಿ ಹಲಗೆ ಹಿಡಿದು ಯಜಮಾನರ ದಾರಿ ನೋಡುತ್ತಿದ್ದ.

ಮಾವ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಲೋಟ. ಮೆಟ್ಟಿಲಿಗೊಂದು ಸಲ ಕಾಫಿ ಚೆಲ್ಲುತ್ತಿತ್ತು. ಆ ಮನುಷ್ಯ ಒಲೆ ಹಚ್ಚಿದ್ದನ್ನು ಆ ಮನೆಯಲ್ಲಿ ಯಾರೂ ಕಂಡವರಿಲ್ಲ. ನೇರವಾಗಿ ಬಂದು ಲೋಟವನ್ನು ಸೊಸೆಯ ಕೈಗೆ ಕೊಟ್ಟರು.

"ನಾನೇ ಮಾಡಿದ್ದು. ಹೇಗಿದೆ?"

ಸೊಸೆ ಒಂದು ಗುಟುಕು ಕುಡಿದಳು. "ಸೀದಿದೆ, ಮಾವ. ಹಾಲು ತಳ ಹಿಡಿದಿದೆ."

"ಹೌದಾ?" ಮಾವನ ಮುಖ ಸಣ್ಣದಾಯಿತು. "ನಿಮ್ಮತ್ತೆ ಒಂದು ದಿನಾನೂ ಹಾಗೆ ಹೇಳಿದವಳಲ್ಲ."

"ಅತ್ತೆಗೆ ನೀವು ಯಾವತ್ತು ಮಾಡಿಕೊಟ್ಟಿದ್ರಿ?"

ಮಾವ ಏನೋ ಲೆಕ್ಕ ಹಾಕುವವರಂತೆ ಮೇಲೆ ನೋಡಿದರು. ಆಮೇಲೆ ಕಟ್ಟೆಯ ಮೇಲೆ, ಲೋಟ ಇಡುತ್ತ ಇಡುತ್ತ ಬಳೆಬಳೆಯಾಗಿ ಕಲೆಗಟ್ಟಿದ್ದ ಜಾಗದಲ್ಲೇ, ಕುಸಿದು ಕೂತರು.

"ಒಂದು ಸಲಾನೂ ಇಲ್ಲ," ಎಂದರು. "ಒಂದೇ ಒಂದು ಸಲಾನೂ ಇಲ್ವಲ್ಲೇ."

ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡರು. ಹೆಗಲು ಅಲುಗಿತು. ಮೇಸ್ತ್ರಿ ಗಿಡಗಳ ಕಡೆ ತಿರುಗಿಕೊಂಡ. ಇಷ್ಟು ದಿನ ಕಾದದ್ದು ಬಂತೆಂದು ಸೊಸೆಗೆ ಗೊತ್ತಾಯಿತು, ಬೇಡವೆನ್ನಿಸಿತು, ತಡೆಯಲಾಗಲಿಲ್ಲ. ಸೀದ ಕಾಫಿಯನ್ನು ಬಿಸಿಬಿಸಿಯಾಗಿಯೇ ಪೂರ್ತಿ ಕುಡಿದಳು.

ಸ್ವಲ್ಪ ಹೊತ್ತಿಗೆ ಮಾವ ತಲೆಯೆತ್ತಿ ಅವಳ ಮೈಮೇಲಿನ ಸ್ವೆಟರನ್ನು ನೋಡಿದರು.

"ಅದರಲ್ಲಿ ಅವಳ ವಾಸನೆ ಇದೆಯಾ?"

"ಇದೆ, ಮಾವ."

"ಹೇಗಿದೆ, ಹೇಳು."

"ಯಜಮಾನ್ರೇ, ನೀರು?" ಮೇಸ್ತ್ರಿ ಆ ಕಡೆ ಮುಖ ಮಾಡಿಯೇ ಕೇಳಿದ.

"ಅವಳನ್ನ ಕೇಳು," ಎಂದರು ಮಾವ.

ಸೊಸೆ ತೊಟ್ಟಿಗೆ ಬಗ್ಗಿ ಉಸಿರೆಳೆದಳು. "ಬಿಡು," ಎಂದಳು. ಹಲಗೆ ಮೇಲೆ ಹೋಯಿತು, ನೀರು ಧೋ ಎಂದು ನುಗ್ಗಿತು. ಅವಳು ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟು ಮಾವನ ಪಕ್ಕ ಕೂತಳು. ನೀರಿನ ಸದ್ದಿಗೆ ಕೇಳಿಸದೆ ಮಾವ ಕಿವಿ ಹತ್ತಿರ ತಂದರು. ಅವಳು ಸ್ವೆಟರಿನ ತೋಳನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿದಳು.

"ಮೊದಲು ಸೋಪು," ಎಂದಳು. "ಆಮೇಲೆ ಒಲೆ ಹೊಗೆ."